‘ಚಿನ್ನದ ಲೇಪನ’ ಎಂದರೆ ಎಷ್ಟು ಚಿನ್ನ?

ಮಾನ್ಯ ಸಂಪಾದಕರೇ,

ದೇವಸ್ಥಾನದ ಕಳಸ, ಬಾಗಿಲು, ಪ್ರಭಾವಳಿಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ‘ಚಿನ್ನದ ಲೇಪನ’ ಎಂದು ಬರೆದು ಮುಗಿಸುತ್ತವೆ. ಕಸುಬಿನವರಿಗೆ ಅಷ್ಟು ಸಾಲದು. ತಗಡು ಹೊದಿಸಿದ್ದೋ, ರೇಕು ಅಂಟಿಸಿದ್ದೋ, ಪಾದರಸ ಬೆರೆಸಿ ಮುಲಾಮು ಮಾಡಿದ್ದೋ, ಬರೀ ಚಿನ್ನದ ನೀರು ಕೊಟ್ಟಿದ್ದೋ ಎಂದು ಬಿಡಿಸಿ ಕೇಳುತ್ತಾರೆ. ಚಿನ್ನದ ತೂಕ ನಿಂತಿರುವುದೇ ಅದರ ಮೇಲೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ತಾಮ್ರದ ಮೇಲೆ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಕೂರಲು 19.3 ಗ್ರಾಂ ಅಪ್ಪಟ ಚಿನ್ನ ಬೇಕು. ದ್ರಾವಣದ ತೊಟ್ಟಿಯಲ್ಲಿ ಅದ್ದಿ, ಕರೆಂಟ್ ಹರಿಸಿ ಕೊಡುವ ಅಗ್ಗದ ‘ನೀರು’ ಇಷ್ಟೂ ಇರುವುದಿಲ್ಲ. ಬಡಿದು ತೆಳುಮಾಡಿದ ರೇಕು ಸುಮಾರು 0.1 ಮೈಕ್ರಾನ್, ಅಷ್ಟೇ ಜಾಗಕ್ಕೆ 2 ಗ್ರಾಂ ಸಾಕು. ಅದೇ 0.1 ಮಿ.ಮೀ. ತಗಡಾದರೆ 1,930 ಗ್ರಾಂ! ಉದ್ಘಾಟನೆಯ ದಿನ ಮಾತ್ರ ಎಲ್ಲವೂ ಜಗಮಗ.

ತಾಮ್ರಕ್ಕೆ ನೇರವಾಗಿ ತೆಳು ನೀರು ಕೊಟ್ಟರೆ, ತಾಮ್ರ ನಿಧಾನಕ್ಕೆ ಪದರದೊಳಗೆ ನುಸುಳಿ ಮೇಲೆ ಬಂದು ಬಣ್ಣ ಮಾಸುತ್ತದೆ. ಅದನ್ನು ತಡೆಯಲೆಂದೇ ನಡುವೆ ನಿಕ್ಕಲ್ ಪದರ ಹಾಕುವುದು. (ಒಡವೆಯಾದರೆ ಆ ನಿಕ್ಕಲ್ಲೇ ಕೆಲವರಿಗೆ ತುರಿಕೆ ತರುತ್ತದೆ.) ಜಿಡ್ಡು ಪೂರ್ತಿ ತೆಗೆಯದೆ ತೊಟ್ಟಿಗಿಳಿಸಿದರೆ ಪದರ ಪೊರೆಯಾಗಿ ಏಳುತ್ತದೆ. ಹಿತ್ತಾಳೆ ಪಾತ್ರೆಯೆಂದು ಭಾವಿಸಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರಂತೂ ಮೊದಲು ಅಂಚುಗಳಲ್ಲಿ, ಉಬ್ಬು ಕೆತ್ತನೆಯ ಮೂಗು-ಮೊಣಕಾಲುಗಳಲ್ಲಿ ತಾಮ್ರ ಇಣುಕುತ್ತದೆ. ಹಳೆಯ ಮುಲಾಮು ಇದಕ್ಕಿಂತ ಗಟ್ಟಿ: ಚಿನ್ನವನ್ನು ಪಾದರಸದೊಂದಿಗೆ ಬೆಣ್ಣೆಯ ಹದಕ್ಕೆ ತಂದು, ಬಳಿದು, ಕೆಂಡದ ಮೇಲೆ ಪಾದರಸವನ್ನು ಹಾರಿಸುವುದು. ಆ ಹೊಗೆ ನರಗಳಿಗೆ ವಿಷ. ಅದು ಹಿಂದೆ ಸರಿದದ್ದು ಒಳ್ಳೆಯದೇ ಆಯಿತು.

‘22 ಕ್ಯಾರೆಟ್ ಲೇಪನ’ ಎಂಬ ಮಾತಿಗೂ ಮರುಳಾಗಬೇಕಿಲ್ಲ. ಅದು ಹೇಳುವುದು ಪದರದ ಶುದ್ಧತೆಯನ್ನು, ದಪ್ಪವನ್ನಲ್ಲ. ‘ಒನ್ ಗ್ರಾಂ ಗೋಲ್ಡ್’ ಸರವನ್ನೇ ನೋಡಿ: ಮೇಲ್ಮೈ 100 ಚದರ ಸೆಂ.ಮೀ., ಪದರ 0.2 ಮೈಕ್ರಾನ್ ಎಂದಿಟ್ಟುಕೊಂಡರೆ ಅದರಲ್ಲಿರುವ ಚಿನ್ನ 40 ಮಿಲಿಗ್ರಾಂ ಕೂಡ ಮುಟ್ಟದು.

ಆದ್ದರಿಂದ ವರದಿಗಾರರು ಯಾವ ವಿಧಾನ, ಅಡಿಯಲ್ಲಿ ಯಾವ ಲೋಹ, ಎಷ್ಟು ವಿಸ್ತೀರ್ಣ, ಎಷ್ಟು ದಪ್ಪ ಎಂದು ಕೇಳಿ ಬರೆಯಲಿ. ಕೆಲಸಕ್ಕೆ ಮುಂಚಿನ ತೂಕ, ಆಮೇಲಿನ ತೂಕ ಎರಡೂ ಇರಲಿ. ಹಳೆಯ ಹೊದಿಕೆ ಬಿಚ್ಚಿದ್ದರೆ ಅದರ ತೂಕ ಬೇಕೇ ಬೇಕು. ತಗಡು ಕಿತ್ತು ನೀರು ಕೊಟ್ಟರೂ ಈಗ ‘ಮರುಲೇಪನ’ ಎಂದೇ ಅಚ್ಚಾಗುತ್ತದೆ.

– ಒಬ್ಬ ಅಕ್ಕಸಾಲಿಗ