ಸೌರ ಮಾರುತದ ಸುದ್ದಿ ಬಿರುಗಾಳಿ ಇಲ್ಲದ ದಿನವೂ ಬರಲಿ

ಮಾನ್ಯ ಸಂಪಾದಕರೇ,

ಸೂರ್ಯನಲ್ಲಿ ದೊಡ್ಡ ಸ್ಫೋಟ ಆದಾಗ ಮಾತ್ರ ಪತ್ರಿಕೆಗಳಿಗೆ ಸೌರ ಮಾರುತ, ಅಂದರೆ ಸೂರ್ಯನಿಂದ ಹೊಮ್ಮುವ ವಿದ್ಯುದಾವೇಶದ ಕಣಗಳ ಹರಿವು, ನೆನಪಾಗುತ್ತದೆ. ಅದೂ ಮೊಬೈಲ್ ಬಂದ್ ಆಗುತ್ತಾ ಎಂದು ಹೆದರಿಸುವ ತಲೆಬರಹದ ಜೊತೆ. 2024ರ ಮೇ ತಿಂಗಳಲ್ಲಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೊ ಎಲ್ಲರೂ ನೋಡಿದೆವು, ಅಲ್ಲಿಗೆ ವಿಷಯ ಮುಗಿಯಿತು.

ಆದರೆ ಈ ಮಾರುತ ದಿನವೂ ಬೀಸುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 300ರಿಂದ 800 ಕಿ.ಮೀ. ವೇಗದಲ್ಲಿ. ಸೂರ್ಯನ ಸ್ಫೋಟದಿಂದ ಏಳುವ ಬಿರುಗಾಳಿ ಇಲ್ಲದಾಗಲೂ ಭೂಮಿಯ ಕಾಂತಕ್ಷೇತ್ರ ಇದರಿಂದ ಅದುರುತ್ತಲೇ ಇರುತ್ತದೆ. ಮಾರುತ ಜೋರಾಗಿ ಉಜ್ಜಿಕೊಂಡು ಹೋದಾಗ ಕಾಂತಕ್ಷೇತ್ರದ ಹೊರ ಅಂಚಿನಲ್ಲಿ ಅಲೆ ಏಳುತ್ತವೆ, ಮಾರುತದ ಒತ್ತಡ ಏರಿಳಿದಾಗ ಇಡೀ ಕ್ಷೇತ್ರ ಕುಗ್ಗಿ ಹಿಗ್ಗುತ್ತದೆ, ಈ ಅಲೆಗಳು ಒಳಗೆ ಬಂದು ತಮ್ಮ ಲಯಕ್ಕೆ ಹೊಂದುವ ಕಾಂತರೇಖೆಯನ್ನು ವೀಣೆಯ ತಂತಿಯ ಹಾಗೆ ಮಿಡಿಯುತ್ತವೆ. ನಿಧಾನದ ಕಂಪನಗಳಲ್ಲಿ ಒಂದು ಸಲ ಅದುರಿ ಮುಗಿಯಲು ಎರಡೂವರೆಯಿಂದ ಹತ್ತು ನಿಮಿಷ ಬೇಕು.

ನಮ್ಮ ಕಡೆ ಕ್ಷೇತ್ರದ ಬಲ ಸುಮಾರು 40,000 ನ್ಯಾನೊಟೆಸ್ಲಾ (ಕಾಂತಬಲ ಅಳೆಯುವ ಸಣ್ಣ ಮಾನ). ಅದರಲ್ಲಿ ಈ ಕಂಪನ ಸಾಮಾನ್ಯವಾಗಿ ಕೆಲವೇ ನ್ಯಾನೊಟೆಸ್ಲಾ. ಇಷ್ಟು ಸಣ್ಣದನ್ನು ಹಿಡಿಯಲು ಸುತ್ತಮುತ್ತ ವಿದ್ಯುತ್ ಗಲಾಟೆ ಇರಬಾರದು. ಮುಂಬೈಗೆ ವಿದ್ಯುತ್ ಟ್ರಾಂ ಬರುತ್ತದೆ ಎಂದೇ ಕೊಲಾಬಾದ ಕಾಂತ ವೀಕ್ಷಣಾಲಯಕ್ಕೆ ಬದಲಾಗಿ 1904ರಲ್ಲಿ ಹತ್ತಿರದ ಅಲಿಬಾಗ್‌ ಊರಿನಲ್ಲಿ ಹೊಸದನ್ನು ಶುರು ಮಾಡಿದರು. ಅಲ್ಲಿ ಇಂದಿಗೂ ದಾಖಲೆ ನಡೆಯುತ್ತಿದೆ. ಇಂಥ ಕೆಲಸದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಕಡಿಮೆ ಅಲ್ವಾ?

ಇದು ಸುಮ್ನೆ ಕುತೂಹಲದ ವಿಷಯವೂ ಅಲ್ಲ. ಭೂಮಿಯ ಸುತ್ತ ಕಾಂತಕ್ಷೇತ್ರ ಕಣಗಳನ್ನು ಹಿಡಿದಿಟ್ಟಿರುವ ವಿಕಿರಣ ಪಟ್ಟಿಯಲ್ಲಿರುವ ಎಲೆಕ್ಟ್ರಾನ್‌ಗಳಿಗೆ ಈ ನಿಧಾನದ ಕಂಪನಗಳು ವೇಗ ಕೊಡಬಲ್ಲವು, ಹಾಗೆ ಶಕ್ತಿ ಪಡೆದ ಎಲೆಕ್ಟ್ರಾನ್‌ಗಳು ಉಪಗ್ರಹದ ಒಳಗಿನ ಸರ್ಕ್ಯೂಟ್‌ಗಳನ್ನೇ ಹಾಳು ಮಾಡಬಹುದು. ಟಿವಿ, ಹವಾಮಾನದ ಉಪಗ್ರಹಗಳು ಇರುವ ಕಕ್ಷೆಗೂ ಈ ಅಪಾಯ ಇದೆ.

ಈಗ ನಮ್ಮದೇ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು ಸೌರ ಮಾರುತದ ಕಣಗಳನ್ನು ಅಳೆಯುತ್ತಿದೆ. ಅಲ್ಲಿ ದಾಟಿದ ಮಾರುತ ಭೂಮಿಗೆ ಬರಲು ಸುಮಾರು ಒಂದು ಗಂಟೆ ಸಾಕು. ಜೊತೆಗೆ ಸೂರ್ಯ ತಿರುಗಿದಂತೆ ವೇಗದ ಮಾರುತ ಹೊಮ್ಮುವ ಜಾಗ ಸುಮಾರು 27 ದಿನಕ್ಕೊಮ್ಮೆ ಮತ್ತೆ ನಮ್ಮ ಕಡೆ ಬರುವುದರಿಂದ ಮುಂಚೆಯೇ ಒಂದಿಷ್ಟು ಅಂದಾಜೂ ಮಾಡಬಹುದು.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮಳೆ, ಬಿಸಿಲಿನ ವರದಿಯ ಪಕ್ಕದಲ್ಲಿ ವಾರಕ್ಕೊಮ್ಮೆ ನಾಲ್ಕು ಸಾಲು ಕೊಡಿ: ಈ ವಾರ ಸೌರ ಮಾರುತದ ವೇಗ ಎಷ್ಟಿತ್ತು, ಕಾಂತಕ್ಷೇತ್ರ ಎಷ್ಟು ಅದುರಿತು. ಶಾಲೆಯ ಮಕ್ಕಳು ಎರಡನ್ನೂ ಹೋಲಿಸಿ ನೋಡಲಿ.

— ನಿಮ್ಮ ಓದುಗ, ತುಮಕೂರು