ಮೆಟ್ಲಿಗೆ ದುಡ್ಡು ಇಸ್ಕೊಂಡ್ರಿ, ಮೆಟ್ಲು ಎಲ್ಲಿ ಸ್ವಾಮಿ?

ಶೋರೂಂ ಮ್ಯಾನೇಜರ್ ಅವರಿಗೆ,
ಮಂಡ್ಯ

ನಮಸ್ಕಾರ. ನಾಲ್ಕು ತಿಂಗಳಿಂದ ಫೋನಲ್ಲಿ ಮರ್ಯಾದೆಯಾಗೇ ಕೇಳ್ದೆ. "ಪಾರ್ಟ್ ಬಂದಿಲ್ಲ", "ಮುಂದಿನ ವಾರ", "ಆ ಹುಡುಗ ಕೆಲ್ಸ ಬಿಟ್ಬಿಟ್ಟ". ಇನ್ನು ಬರವಣಿಗೇಲೇ ಇರ್ಲಿ ಅಂತ ಈ ಪತ್ರ.

ಗಾಡಿ ಬುಕ್ ಮಾಡೋವಾಗ್ಲೇ ಹೇಳಿದ್ದೆ, ನಂಗೆ 61 ವರ್ಷ, ಎರಡೂ ಮಂಡಿ ಸವೆದಿದೆ, ಬಲಗಾಲಂತೂ ಮಡಚೋಕೇ ಆಗಲ್ಲ, ನಿಮ್ಮ ಪಿಕಪ್ ಬಾಡಿ ನನ್ನ ಸೊಂಟದ ಹತ್ರ ಬರುತ್ತೆ, ಹಿಂದ್ಗಡೆ ಮಡಚೋ ಮೆಟ್ಲು ಒಂದು, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಕಂಬಿ ಒಂದು ಬೇಕೇ ಬೇಕು ಅಂತ. ಬಿಲ್ಲಲ್ಲಿ ಬರ್ದು 7,500 ಇಸ್ಕೊಂಡ್ರಿ. ಡೆಲಿವರಿ ದಿನ ಹಾರ ಬಂತು, ನಿಂಬೆಹಣ್ಣು ಬಂತು, ಸ್ವೀಟ್ ಬಾಕ್ಸ್ ಬಂತು, ಫೋಟೋನೂ ಆಯ್ತು. ಮೆಟ್ಲು ಮಾತ್ರ ಬರ್ಲಿಲ್ಲ. ಚೆಕ್‌ಲಿಸ್ಟಲ್ಲಿ ಎಲ್ಲಾ ಟಿಕ್ ಆಗ್ದೆ ಗಾಡಿ ಗೇಟ್ ದಾಟಂಗಿಲ್ಲ ಅನ್ನೋದು ನಿಮ್ಮದೇ ರೂಲು, ನಿಮಗೆ ನಾನು ಹೇಳ್ಕೊಡ್ಬೇಕಾ?

ನಾನು ಬೆಲ್ಲದವ್ನು. ಆಲೆಮನೆಯಿಂದ ಮಾರ್ಕೆಟ್ಟಿಗೆ ಲೋಡ್ ಮಾಡೋವಾಗ ಅಚ್ಚು ಬೆಲ್ಲದ ಮೇಲೆ ಬಕೆಟ್ ಬೆಲ್ಲ (ಬಕೆಟಲ್ಲಿ ಎರೆದ ದಪ್ಪ ಗಟ್ಟಿ) ಏರಿಸಿದ್ರೆ ಕೆಳಗಿಂದು ಪುಡಿ, ರೇಟು ಬಿತ್ತು. ಮೇಲೆ ನಿಂತು ನಾನೇ ಜೋಡಿಸ್ಬೇಕು. (ಬೆಲ್ಲದ ಮಂಡಿಗೆ ಹೋಗೋಕೂ ಕಾಲ ಮಂಡಿ ಅಪ್ಪಣೆ ಕೇಳ್ಬೇಕು, ನನ್ನ ಹಣೆಬರಹ.)

ಈಗ ಹೋದ ಮಂಗಳವಾರದ ಕತೆ. ಖುದ್ದಾಗಿ ಬಂದೆ. ನೀವು ಟೀ ಕುಡೀತಾ "ಅದೆಂಗೆ ಹತ್ತಕ್ಕಾಗಲ್ಲ ಯಜಮಾನ್ರೇ, ಒಂದ್ಸಲ ಹತ್ತಿ ತೋರ್ಸಿ" ಅಂದ್ರಿ. ತೋರಿಸ್ದೆ, ನನ್ನ ದಡ್ಡತನ. ಟೈರ್ ಮೇಲೆ ಎಡಗಾಲಿಟ್ಟೆ, ಆಗ ತಾನೆ ವಾಷ್ ಮಾಡಿದ್ರಿ, ಜಾರ್ತಿತ್ತು, ಹಿಡಿಯೋಕೆ ಏನೂ ಇಲ್ಲ, ಬಲಗಾಲು ಮೇಲಕ್ಕೆ ಬರ್ಲಿಲ್ಲ, ಹೊಟ್ಟೆ ಮೇಲೆ ಬಿದ್ದೆ, ತಲೆ ಒಳಗೆ ಕಾಲು ಹೊರಗೆ. ನಿಮ್ಮ ಇಬ್ರು ಹುಡುಗ್ರು ಕಬ್ಬಿನ ಹೊರೆ ತಳ್ಳೋ ಹಂಗೆ ಹಿಂದಿಂದ ತಳ್ಳಿದ್ರು. ಯಾರೋ ಗಿರಾಕಿ ಹೆಂಗಸರು ಮುಖ ಆ ಕಡೆ ತಿರುಗಿಸ್ಕೊಂಡ್ರು, ಆ ತಾಯಿಗೆ ಇದ್ದ ಸೂಕ್ಷ್ಮ ನಿಮಗಿರ್ಲಿಲ್ಲ. ನೀವು ಚಪ್ಪಾಳೆ ತಟ್ಟಿ "ನೋಡಿ, ಹತ್ತೇಬಿಟ್ರಲ್ಲ!" ಅಂದ್ರಿ. "ಇಳಿಯೋದು ಹೆಂಗೆ ಸಾರ್" ಅಂದೆ. "ನೆಗೀರಿ" ಅಂದ್ರಿ. ನಾನು ನೆಗೀಲಿಲ್ಲ. ಆಮೇಲೆ ಹುಡುಗ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದ, ಒಂದು ಕಾಲು ಸೊಟ್ಟ, ನನ್ನಂಗೇ. ಕೊನೆಗೆ "ಈ ವಯಸ್ಸಲ್ಲಿ ಯಾಕೆ ಹತ್ತೋಕೋಗ್ತೀರಾ, ಆಳು ಇಟ್ಕೊಳ್ಳಿ" ಅಂತ ಉಪದೇಶ. ಆಳಿನ ಸಂಬಳನೂ ಆ 7,500ರಲ್ಲೇ ಸೇರಿತ್ತಾ?

ಮನೆ ಮುಟ್ಟೋ ಅಷ್ಟೊತ್ತಿಗೆ ಮೆಸೇಜು, ನಮ್ಮ ಸೇವೆಗೆ 5ಕ್ಕೆ ಎಷ್ಟು ಸ್ಟಾರ್ ಕೊಡ್ತೀರಾ ಅಂತ. ಮಂಡಿಗೆ ಐಸ್ ಕಟ್ಕೊಂಡು ಓದ್ದೆ.

ಫಿಸಿಯೋಥೆರಪಿ ಮಾಡೋ ಮೇಡಂ ನಂಗೆ ಹೇಳ್ಕೊಟ್ಟಿದ್ದು ಇಷ್ಟೇ. ಹತ್ತೋವಾಗ ಗಟ್ಟಿ ಕಾಲು ಮೊದ್ಲು, ಇಳಿಯೋವಾಗ ನೋವಿನ ಕಾಲು ಮೊದ್ಲು, ಮುಖ ಗಾಡಿ ಕಡೆಗೇ ಇರ್ಬೇಕು, ಎರಡು ಕೈ ಎರಡು ಕಾಲಲ್ಲಿ ಯಾವಾಗ್ಲೂ ಮೂರು ಊರಿರ್ಬೇಕು, ನೆಗೀಲೇಬಾರ್ದು. ಮೂರು ಊರೋಕೆ ಜಾಗ ಬೇಕಲ್ಲ ಸ್ವಾಮಿ, ಗಾಳೀಲಿ ಊರ್ಲಾ?

ಅದಕ್ಕೂ ಮೇಲೆ ನಿಮ್ಮ ಅಕೌಂಟೆಂಟ್ ಹೇಳಿದ್ದು, ಹಂಗೆಲ್ಲಾ ಫಿಟ್ ಮಾಡಿದ್ರೆ ಆರ್‌ಟಿಒ ಒಪ್ಪಲ್ಲ ಅಂತ. ಒಪ್ಪದೇ ಇರೋ ಸಾಮಾನಿಗೆ ಬಿಲ್ ಹರಿದವ್ರು ಯಾರು, ಆರ್‌ಟಿಒನಾ?

15 ದಿನ ಟೈಮ್. ಮೆಟ್ಲು ಹಾಕಿ, ಇಲ್ಲಾ ದುಡ್ಡು ವಾಪಸ್ ಕೊಡಿ. ನಿಜ ಹೇಳ್ಬೇಕಂದ್ರೆ ನೀವು ಎರಡೂ ಮಾಡ್ದೆ ಇದ್ರೇ ನಂಗೆ ಖುಷಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ವಿಚಾರಿಸಾಯ್ತು. ಕಮರ್ಷಿಯಲ್ ಗಾಡಿ ಅಂತ ಜಾರ್ಕೊಳ್ಳೋಕೆ ನೋಡ್ಬೇಡಿ, ಹೊಟ್ಟೆಪಾಡಿಗೆ ಸ್ವಂತ ದುಡಿಮೆಗೆ ತಗೊಂಡವ್ನೂ ಗ್ರಾಹಕನೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲೇ ಇದೆ, ಕೇಸ್ ಹಾಕೋಕೆ ಎರಡು ವರ್ಷ ಟೈಮೂ ಇದೆ. ಕಾಲು ಎತ್ತಕ್ಕಾಗದವ್ನು ಕೋರ್ಟ್ ಮೆಟ್ಲು ಏನು ಹತ್ತಾನು ಅಂದ್ಕೊಂಡಿದ್ರೆ, ಗ್ರಾಹಕರ ಆಯೋಗಕ್ಕೆ ಹೋಗಿ ನೋಡ್ಕೊಂಡೇ ಬಂದಿದೀನಿ. ಅಲ್ಲಿ ಮೆಟ್ಲಿಗೆ ಕಂಬಿ ಇದೆ.

ಇಂತಿ,
ನಿಮ್ಮ ಗಿರಾಕಿ (ಇನ್ನೂ)

ತಾ.ಕ: ಆ ಸ್ಟೂಲ್ ಮೊದ್ಲು ಬಿಸಾಕಿ. ಇನ್ಯಾರಾದ್ರೂ ಬಿದ್ದಾರು.