ಆ ಕುರ್ಚಿಯನ್ನು ಗುಜರಿಗೆ ಹಾಕಬೇಡ ಕಣೋ

ಸರಸ್ವತಿಪುರಂ, ಮೈಸೂರು
ಭಾನುವಾರ ಸಂಜೆ

ಗೆಳೆಯಾ,

ಮಂಡ್ಯದ ಮನೆಯಲ್ಲಿ ಮೀಟಿಂಗ್ ನಡೆಯುತ್ತಿರುವಾಗಲೇ ಚಕ್ರದ ಆಫೀಸ್ ಕುರ್ಚಿ ಮೆಲ್ಲಗೆ ಇಳಿದು, ಕೊನೆಗೆ ಕ್ಯಾಮೆರಾದಲ್ಲಿ ಬರೀ ನಿನ್ನ ಹಣೆ ಕಾಣುತ್ತಿತ್ತು ಅಂದೆಯಲ್ಲ, ಫೋನ್ ಇಟ್ಟ ಮೇಲೂ ನಗುತ್ತಿದ್ದೆ. ನಗಬಾರದಿತ್ತು. ಆರು ತಿಂಗಳ ಹಿಂದೆ ನನ್ನದೂ ಇದೇ ಪಾಡು. ಹೊಸದಕ್ಕೆ 15,000 ರೂಪಾಯಿ ಸುರಿಯುವ ಮುಂಚೆ ಇದನ್ನೊಂದು ಸಲ ಓದು.

ಕುರ್ಚಿ ಇಳಿಯುವುದು ಸೀಟಿನ ಕೆಳಗಿರುವ ಗ್ಯಾಸ್ ಸಿಲಿಂಡರ್‌ನಿಂದ. ಅದರೊಳಗೆ ನೈಟ್ರೋಜನ್ ಒತ್ತಿ ತುಂಬಿರುತ್ತಾರೆ. ಸೀಲ್ ಸವೆದರೆ ಮುಗೀತು, ನಮ್ಮ ಭಾರ ತಡೆಯಲ್ಲ. ಅಡುಗೆ ಗ್ಯಾಸಿನ ಹಾಗೆ ಮತ್ತೆ ತುಂಬಿಸಲು ಬರುವುದಿಲ್ಲ, ಸಿಲಿಂಡರನ್ನೇ ಬದಲಾಯಿಸಬೇಕು. ವೆಲ್ಡಿಂಗ್ ಅಂಗಡಿಗೆ ಹೋಗಿ "ಇಷ್ಟೇ ಎತ್ತರಕ್ಕೆ ಅಂಟಿಸಿಬಿಡಿ" ಅಂತ ಮಾತ್ರ ಹೇಳಬೇಡ. ಬಿಸಿ ತಾಗಿದರೆ ಸಿಡಿಯಬಹುದು. ಡ್ರಿಲ್ ಕೂಡ ಬೇಡ.

ಆ ಸಿಲಿಂಡರ್ ಕೊಳವೆಯನ್ನು ಬಿಚ್ಚಲು ನಾನು ಒಂದಿಡೀ ಬೆಳಗ್ಗೆ ಸ್ಕ್ರೂ ಹುಡುಕಿದೆ. ಇಲ್ಲವೇ ಇಲ್ಲ! ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಂಡರೆ ಎಳೆದರೂ ಬರಲ್ಲ ಅಲ್ವಾ, ಇದೂ ಹಾಗೇ. ಕೊಳವೆಯ ತುದಿ ಸ್ವಲ್ಪ ಸಣ್ಣಗಾಗುತ್ತಾ ಹೋಗುತ್ತದೆ, ನಾವು ಕೂತಷ್ಟೂ ಬಿಗಿಯಾಗುತ್ತದೆ. ಕುರ್ಚಿಯನ್ನು ಮಗ್ಗುಲಿಗೆ ಮಲಗಿಸಿ, ಕೊಳವೆ ಸೇರುವ ಕಡೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಬಿಡು. ಆಮೇಲೆ ಐದು ಕಾಲು ಸೇರುವ ನಡುಭಾಗವನ್ನು ಸೀಟಿನ ಕಡೆಯಿಂದ ಹೊರಕ್ಕೆ ಸುತ್ತಿಗೆಯಲ್ಲಿ ಬಡಿ, ಸುತ್ತಲೂ ಒಂದೇ ಸಮ. ಕಾಲು ಪ್ಲಾಸ್ಟಿಕ್‌ನದಾದರೆ ಮರದ ತುಂಡು ಇಟ್ಟು ಬಡಿ, ಇಲ್ಲದಿದ್ದರೆ ಸೀಳುತ್ತದೆ. ಸೀಟಿನ ಕಡೆ ಕಚ್ಚಿಕೊಂಡ ತುದಿ ನನಗೆ ಬಗ್ಗಲೇ ಇಲ್ಲ. ಪಕ್ಕದ ಬೀದಿಯ ಪ್ಲಂಬರ್ ಪೈಪ್ ಪಾನಾ ಹಾಕಿ ಒಂದು ತಿರುವು ತಿರುವಿದ, ಕಟಕ್ ಅಂತ ಬಂತು.

ಹೊಸದು ತರುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗು. ತುದಿಯ ದಪ್ಪ, ಉದ್ದ ಎರಡೂ ಹೊಂದಬೇಕು. ಉದ್ದ ಜಾಸ್ತಿಯಾದರೆ ಪೂರ್ತಿ ಇಳಿಸಿದರೂ ನಿನ್ನ ಕಾಲು ನೆಲ ಮುಟ್ಟಲ್ಲ. ಕೂರಿಸುವುದು ಸುಲಭ, ತೂರಿಸಿ ಮೇಲೆ ಕೂತರೆ ಆಯ್ತು. ಅಲ್ಲಿಯವರೆಗೆ ಒಂದು ಉಪಾಯವಿದೆ. ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಮೇಲೆ ಹೊಳೆಯುವ ಕಂಬಿಗೆ ತೊಡಿಸು. ಕುರ್ಚಿ ಇಳಿಯಲ್ಲ. ಎತ್ತರ ಬದಲಾಯಿಸಲೂ ಆಗಲ್ಲ, ಅಷ್ಟೇ.

ಇಷ್ಟೆಲ್ಲ ಆದ ಮೇಲೂ ನನ್ನ ಸೊಂಟದ ನೋವು ಹೋಗಲಿಲ್ಲ. ಒಂದು ದಿನ ಸುಮ್ನೆ ಸೀಟಿಗೆ ಹೆಬ್ಬೆರಳು ಒತ್ತಿದೆ, ನೇರ ಪ್ಲೈವುಡ್ ಸಿಕ್ಕಿತು. ಸ್ಪಂಜು ಸತ್ತು ಯಾವ ಕಾಲವಾಗಿತ್ತೋ! ನಾಲ್ಕು ಬೋಲ್ಟು ಅಲೆನ್ ಕೀಯಲ್ಲಿ ಬಿಚ್ಚಿ, ಬರೀ ಸೀಟನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬೈಕ್ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋದೆ. ಸೋಫಾ ಅಂಗಡಿಗಿಂತ ಇವರೇ ವಾಸಿ ಅಂತ ನನ್ನ ಅನುಭವ. ಭಾರ ಎಲ್ಲಿ ಬೀಳುತ್ತದೆ ಅನ್ನೋದು ಅವರಿಗೆ ಗೊತ್ತು.

ಅಂಗಡಿಯ ಯಜಮಾನರು ಸ್ಕ್ರೂಡ್ರೈವರ್ ತುದಿಯಲ್ಲಿ ಪಿನ್ನುಗಳನ್ನು ಒಂದೊಂದಾಗಿ ಎಬ್ಬಿಸಿ ರೆಕ್ಸಿನ್ ಸುಲಿದರು. ಒಳಗಿನ ಸ್ಪಂಜು ಹಳದಿಯಾಗಿ, ಮುಟ್ಟಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ನಾನು ಮೆತ್ತಗಿದ್ದ ಫೋಮ್ ಆರಿಸಿದೆ. ಅವರು ನಕ್ಕರು. "ಕೈಯಲ್ಲಿ ಒತ್ತಬೇಡಿ ಸಾರ್, ಇದರ ಮೇಲೆ ಹತ್ತು ನಿಮಿಷ ಕೂತು ನೋಡಿ." ಕೂತೆ. ಐದು ನಿಮಿಷಕ್ಕೇ ಕೆಳಗಿನ ಹಲಗೆ ತಾಗಿತು. ಫೋಮಿಗೆ 40 ಡೆನ್ಸಿಟಿ ಅಂತೆಲ್ಲ ಹೇಳುತ್ತಾರಲ್ಲ, ಅಂದರೆ ಒಂದು ಘನ ಮೀಟರ್ ಫೋಮ್ 40 ಕೆ.ಜಿ. ತೂಗುತ್ತದೆ ಅಂತ ಅರ್ಥ. ಎಷ್ಟು ಗಟ್ಟಿ ಅನ್ನುವುದು ಬೇರೆ ಲೆಕ್ಕ. ಆದರೆ ಡೆನ್ಸಿಟಿ ಕಡಿಮೆ ಇದ್ದರೆ ಬೇಗ ಚಪ್ಪಟೆಯಾಗುತ್ತದೆ. ಕೊನೆಗೆ ಗಟ್ಟಿಯದು 2 ಇಂಚು, ಅದರ ಮೇಲೆ ಮೆತ್ತನೆಯದು ಅರ್ಧ ಇಂಚು. ತೊಡೆಗೆ ಒತ್ತದ ಹಾಗೆ ಮುಂದಿನ ಅಂಚನ್ನು ಬ್ಲೇಡಿನಲ್ಲಿ ದುಂಡಗೆ ಕೊಯ್ದರು. ಮೇಲೆ ಬಟ್ಟೆಯನ್ನೇ ಹಾಕಿಸಿದೆ. ಏಪ್ರಿಲ್ ಸೆಕೆಯಲ್ಲಿ ರೆಕ್ಸಿನ್ ಮೇಲೆ ಕೂತು ಎದ್ದವನಿಗೇ ಗೊತ್ತು ಅದರ ಕಷ್ಟ.

ಆಮೇಲೆ ಇನ್ನೊಂದು ತಲೆನೋವು. ಹೊಸ ಫೋಮಿನಿಂದ ಸೀಟು ಎತ್ತರವಾಯ್ತು. ಇಳಿಸಿದರೆ ನಾನು ಕೆಲಸ ಮಾಡುವ ಊಟದ ಮೇಜು ಮೊಣಕೈಗಿಂತ ಮೇಲೆ, ಏರಿಸಿದರೆ ಕಾಲು ಗಾಳಿಯಲ್ಲಿ. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಏರಿಸಿ, ಕಾಲ ಕೆಳಗೆ ಹಳೆಯ ಮಣೆ ಇಟ್ಟುಕೊಂಡೆ. ಅಮ್ಮ ರಂಪ ಮಾಡಿದರು, ಊಟಕ್ಕೆ ಕೂರುವ ಮಣೆಗೆ ಕಾಲಿಡುತ್ತೀಯಾ ಅಂತ. ಕೂರಬಹುದು, ಕಾಲಿಡಬಾರದು, ಇದ್ಯಾವ ನ್ಯಾಯ? ವಾದ ಮಾಡಲಿಲ್ಲ. ಈಗ ಎರಡು ಇಟ್ಟಿಗೆ, ಮೇಲೊಂದು ಹಲಗೆ. ಬೆನ್ನಿಗೆ ಟವೆಲ್ ಸುರುಳಿ ಸುತ್ತಿ ಬೆಲ್ಟಿನ ಮಟ್ಟಕ್ಕೆ ದಾರದಲ್ಲಿ ಕಟ್ಟಿದ್ದೇನೆ. ನೋಡೋಕೆ ಚೆನ್ನಾಗಿಲ್ಲ, ಆದರೆ ಸೊಂಟ ಈಗ ಮಾತು ಕೇಳುತ್ತಿದೆ.

ಚಕ್ರ ತಿರುಗದಿದ್ದರೆ ಬದಲಾಯಿಸುವ ಮುಂಚೆ ಎಳೆದು ತೆಗೆದು ನೋಡು. ಅದಕ್ಕೂ ಸಾಮಾನ್ಯವಾಗಿ ಸ್ಕ್ರೂ ಇರಲ್ಲ. ನನ್ನದರಲ್ಲಿ ಮಗಳ ಕೂದಲು, ಮಲ್ಲಿಗೆ ಕಟ್ಟುವ ದಾರ, ಎಲ್ಲ ಸೇರಿ ಹಗ್ಗ ಹೊಸೆದಂತೆ ಸುತ್ತಿಕೊಂಡಿತ್ತು. ಕತ್ತರಿಸಿ ತೆಗೆದ ಮೇಲೆ ಸರಾಗ. ನಿಮ್ಮನೆಯದು ರೆಡ್ ಆಕ್ಸೈಡ್ ನೆಲ ಅಲ್ವಾ, ಹೊಸದೇ ಹಾಕಿಸುವುದಾದರೆ ರಬ್ಬರಿನಂಥ ಮೆತ್ತನೆ ಚಕ್ರ ಕೇಳು. ಗಟ್ಟಿ ನೈಲಾನ್ ಚಕ್ರ ನೆಲ ಗೀರುತ್ತದೆ.

ಮುಂದಿನ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಪ್ಲಂಬರ್ ಹತ್ತಿರ ಪಾನಾ ಕೇಳಿಟ್ಟಿದ್ದೇನೆ. ಅಷ್ಟರಲ್ಲಿ ನೀನು ಸೀಟು ಬಿಚ್ಚಿಡು. ಬೋಲ್ಟುಗಳನ್ನು ಮಾತ್ರ ಡಬ್ಬಿಗೆ ಹಾಕಿ ಮುಚ್ಚಿಡು ಮಾರಾಯ, ನನ್ನದೊಂದು ಇನ್ನೂ ಸಿಕ್ಕಿಲ್ಲ.

ಇಂತಿ,
ಮೂರೇ ಬೋಲ್ಟಿನ ಮೇಲೆ ಕೂತಿರುವ ನಿನ್ನ ಗೆಳೆಯ